ನಿಂಬೆಹಣ್ಣು ಸಿಗದ ಚಕ್ರ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಟಿ.ಟಿ. (ಟೆಂಪೊ ಟ್ರಾವೆಲರ್), ಮಿನಿ ಬಸ್ ಹಾಗೂ ಕ್ಯಾರವಾನ್ ಚಾಲಕರಿಗೆ, ಮಾಲೀಕರಿಗೆ ಒಂದು ಬಹಿರಂಗ ಪತ್ರ



ಆಯುಧಪೂಜೆಯ ಬೆಳಿಗ್ಗೆ ನಿಮ್ಮ ಸ್ಟ್ಯಾಂಡುಗಳಲ್ಲಿ ನಡೆಯುವ ಸಡಗರ ಊರಿಗೆಲ್ಲ ಗೊತ್ತು. ಹೊಳೆ ದಂಡೆಯಲ್ಲೋ ಕೆರೆ ಏರಿಯ ಕೆಳಗೋ ತೊಳೆದು ನಿಲ್ಲಿಸಿದ ಗಾಡಿ, ಎರಡೂ ಪಕ್ಕ ಬಾಳೆಕಂದು, ಗಾಜಿನ ಮೇಲೆ ವಿಭೂತಿ ಕುಂಕುಮ, ಬಾನೆಟ್ಟಿಗೆ ಚೆಂಡುಹೂವಿನ ಹಾರ. ಬೂದುಗುಂಬಳ ಒಡೆದು, ಪ್ರತಿ ಚಕ್ರದ ಅಡಿಗೂ ಒಂದೊಂದು ನಿಂಬೆಹಣ್ಣು ಇಟ್ಟು, ಗಾಡಿಯನ್ನು ಒಂದು ಮಾರು ಮುಂದಕ್ಕೆ ತೆಗೆದರೆ ಪೂಜೆ ಮುಗಿಯಿತು. ಆದರೆ ಅದೇ ಗಾಡಿಯ ಹೊಟ್ಟೆಯಡಿ, ಕಳೆದ ಮಳೆಗಾಲದ ಕೆಸರನ್ನು ಇನ್ನೂ ಮೆತ್ತಿಕೊಂಡು ಇನ್ನೊಂದು ಚಕ್ರ ನೇತಾಡುತ್ತಿರುತ್ತದೆ. ಅದಕ್ಕೆ ನಿಂಬೆಹಣ್ಣಿಲ್ಲ, ಕುಂಕುಮವಿಲ್ಲ, ಒಂದು ಬಕೆಟ್ ನೀರೂ ಇಲ್ಲ.

ಈ ಪತ್ರ ಆ ಚಕ್ರದ ಬಗ್ಗೆ. ನಮ್ಮೆಲ್ಲರ ಬಾಯಲ್ಲಿ ಅದರ ಹೆಸರು ಸ್ಟೆಪ್ನಿ.

ಕೇಳುವುದು ಒಂದೇ ವಿಷಯ. ಪ್ರತಿ ತಿಂಗಳು ಅಮಾವಾಸ್ಯೆಗೆ ಗಾಡಿಗೆ ಹೊಸ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವ ಪದ್ಧತಿ ನಿಮ್ಮಲ್ಲಿ ಬಹಳ ಜನಕ್ಕಿದೆ. ಆ ದಿನ ಸ್ಟೆಪ್ನಿಯನ್ನೂ ಒಮ್ಮೆ ನೆಲಕ್ಕೆ ಇಳಿಸಿ. ಬಗ್ಗಿ ನೋಡಿ "ಐತೆ ಬುಡು" ಎಂದು ಎದ್ದು ಬಿಡಬೇಡಿ; ಇಳಿಸಿ, ಗಾಳಿ ನೋಡಿ, ಮತ್ತೆ ಏರಿಸಿ. ಕೈ ಪಳಗಿದವರಿಗೆ ಕಾಲು ಗಂಟೆಯ ಕೆಲಸ. ಆ ಕಾಲು ಗಂಟೆ ಏಕೆ ಬೇಕು ಎನ್ನುವುದನ್ನು ಹೇಳುವುದಕ್ಕೇ ಇಷ್ಟುದ್ದ ಬರೆಯಬೇಕಾಯಿತು.

ನಿಮ್ಮ ಗಾಡಿಗಳು ಎಲ್ಲೆಲ್ಲಿ ಓಡುತ್ತವೆ ಎಂದು ನೆನೆದರೆ ಸಾಕು, ವಿಷಯದ ತೂಕ ತಿಳಿಯುತ್ತದೆ. ಬೆಳಗಿನ ಜಾವ ಗಂಜಾಂನ ನಿಮಿಷಾಂಬ, ಅಲ್ಲಿಂದ ರಂಗನಾಥಸ್ವಾಮಿ, ರಂಗನತಿಟ್ಟು, ಸಂಜೆಗೆ ಕೆ.ಆರ್.ಎಸ್. ಬೃಂದಾವನ. ವೈರಮುಡಿ ಉತ್ಸವ ಬಂದರೆ ಮೇಲುಕೋಟೆ ಬೆಟ್ಟಕ್ಕೆ ರಾತ್ರಿಯಿಡೀ ಬಾಡಿಗೆ. ಅಮಾವಾಸ್ಯೆ ಬಂದರೆ ನಾಗಮಂಗಲ ತಾಲ್ಲೂಕಿನ ಚುಂಚನಗಿರಿಗೆ ಕಾಲಭೈರವನ ಭಕ್ತರು. ಕೆ.ಆರ್. ಪೇಟೆ ಕಡೆ ಹೊಸಹೊಳಲಿನ ಲಕ್ಷ್ಮೀನಾರಾಯಣ, ಕಿಕ್ಕೇರಿಯ ಬ್ರಹ್ಮೇಶ್ವರ, ಕಲ್ಲಹಳ್ಳಿಯ ಭೂವರಾಹನಾಥ. ಹದಿಮೂರು, ಹದಿನೇಳು, ಇಪ್ಪತ್ತಾರು ಸೀಟು ತುಂಬ ಅಜ್ಜಿ, ಮೊಮ್ಮಗು, ಬಾಣಂತಿ, ಮದುಮಗ. ಅಷ್ಟೂ ಜನ ನಿಮ್ಮನ್ನು ನಂಬಿ ಕಣ್ಣು ಮುಚ್ಚಿ ನಿದ್ದೆ ಮಾಡುತ್ತಾರೆ.

ಇವುಗಳ ಜೊತೆಗೆ ಈಗ ಇನ್ನೊಂದು ಬಗೆಯ ಗಾಡಿ ಸೇರಿಕೊಂಡಿದೆ. ಸಿನಿಮಾದವರ ಕ್ಯಾರವಾನ್ ಈ ಭಾಗಕ್ಕೆ ಹೊಸದಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಮಹದೇವಪುರದ ಹೊಳೆದಂಡೆಯಲ್ಲಿ, ಮೇಲುಕೋಟೆಯ ಕಲ್ಯಾಣಿಯ ಬಳಿ ಚಿತ್ರೀಕರಣ ನಡೆಯುವಾಗಲೆಲ್ಲ ಅದು ಬಂದು ನಿಲ್ಲುತ್ತದೆ. ಈಚಿನ ವರ್ಷಗಳಲ್ಲಿ ಮನೆಯವರೆಲ್ಲ ಸೇರಿ ಮಲಗಿ ಅಡುಗೆ ಮಾಡಿಕೊಂಡು ಹೋಗುವ ಪ್ರವಾಸಿ ಕ್ಯಾರವಾನ್‌ಗಳು ಬೆಂಗಳೂರಿನಲ್ಲಿ ಬಾಡಿಗೆಗೂ ಸಿಗುತ್ತಿವೆ. ಪಕ್ಕದ ಕೇರಳ 2021ರಲ್ಲಿ ಇದಕ್ಕೆಂದೇ ಒಂದು ಪ್ರವಾಸ ಯೋಜನೆಯನ್ನು ಹೊರತಂದಿತು. ಇಂಥ ವಾಹನ ಹೇಗಿರಬೇಕು ಎನ್ನಲು ಎಐಎಸ್-124 ಎಂಬ ಮಾನದಂಡವೂ ದೇಶದಲ್ಲಿದೆ. ಟಿ.ಟಿ.ಯನ್ನು ಕ್ಯಾರವಾನ್ ಮಾಡಿಸುವ ಯೋಚನೆ ನಿಮ್ಮಲ್ಲಿ ಕೆಲವರ ತಲೆಯಲ್ಲೂ ಓಡುತ್ತಿರಬಹುದು. ಅಂಥವರು ಈ ಪತ್ರವನ್ನು ಎರಡು ಸಲ ಓದಬೇಕು. ಏಕೆಂದರೆ ಸ್ಟೆಪ್ನಿ ಕೈಗೆ ಸಿಗದೆ ಅತಿ ಹೆಚ್ಚು ಕಾಡುವುದು ಕ್ಯಾರವಾನ್‌ನಲ್ಲಿ.

ಸ್ಟೆಪ್ನಿ ಎಂಬ ಈ ಹೆಸರು ಎಲ್ಲಿಂದ ಬಂತು ಎನ್ನುವುದೇ ಒಂದು ಕಥೆ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಲನೆಲ್ಲಿ ಎಂಬ ಊರಿದೆ. ಅಲ್ಲಿನ ಸ್ಟೆಪ್ನಿ ಬೀದಿಯಲ್ಲಿ ಥಾಮಸ್ ಮಾರಿಸ್ ಡೇವೀಸ್ ಮತ್ತು ಆತನ ಸಹೋದರ ವಾಲ್ಟರ್ ಕೆಲಸ ಮಾಡುತ್ತಿದ್ದರು. ಆಗಿನ ಮೋಟಾರು ಕಾರುಗಳಿಗೆ ಬದಲಿ ಚಕ್ರವೇ ಇರಲಿಲ್ಲ. ಕುದುರೆಗಾಡಿ ಓಡಾಡುವ ರಸ್ತೆ ತುಂಬ ಲಾಳದ ಮೊಳೆ. ಟೈರಿಗೆ ಮೊಳೆ ಹೊಕ್ಕರೆ ಅಲ್ಲೇ ಕೂತು ಬಿಚ್ಚಿ, ತೇಪೆ ಹಾಕಿ, ಗಾಳಿ ಹೊಡೆಯಬೇಕು. 1904ರಲ್ಲಿ ಈ ಸಹೋದರರು ಅರೆಕಾಲುಗಳಿಲ್ಲದ ಬರೀ ರಿಮ್ಮಿಗೆ ಗಾಳಿ ತುಂಬಿದ ಟೈರು ಹಾಕಿ, ಅದನ್ನು ಪಂಚರಾದ ಚಕ್ರದ ಪಕ್ಕಕ್ಕೇ ಬಿಗಿದು ಗಾಡಿ ಓಡಿಸುವ ಉಪಾಯ ಕಂಡುಹಿಡಿದರು. ಬೀದಿಯ ಹೆಸರೇ ಚಕ್ರದ ಹೆಸರಾಗಿ ಊರೂರು ಸುತ್ತಿತು. ಅದು ಹುಟ್ಟಿದ ಬ್ರಿಟನ್ನಿನಲ್ಲಿ ಆ ಮಾತು ಬಳಕೆಯಿಂದ ಹೋಗಿದೆ. ನಮ್ಮಲ್ಲಿ ಉಳಿದಿದೆ, ಮಾಲ್ಟಾದಲ್ಲಿ ಉಳಿದಿದೆ, ಬ್ರೆಜಿಲ್ಲಿನವರು ಇವತ್ತಿಗೂ ಅದನ್ನು 'ಎಸ್ತೆಪಿ' ಎನ್ನುತ್ತಾರೆ.

ಲಾಳದ ಮೊಳೆಯ ಮಾತು ಮಂಡ್ಯ ಜಿಲ್ಲೆಯವರಾದ ನಿಮಗೆ ಬೇರೆಯವರು ಹೇಳಬೇಕಾಗಿಲ್ಲ. ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ಸಕ್ಕರೆ ಕಾರ್ಖಾನೆ ಕಡೆಗೆ, ಆಲೆಮನೆಗಳ ಕಡೆಗೆ ಸಾಲುಗಟ್ಟುವ ಎತ್ತಿನ ಗಾಡಿಗಳನ್ನೂ ಟ್ರ್ಯಾಕ್ಟರುಗಳನ್ನೂ ನೀವು ದಿನಾ ದಾಟುತ್ತೀರಿ. ಎತ್ತಿನ ಗೊರಸಿನಿಂದ ಕಳಚಿದ ಮೊಳೆ, ಟ್ರೈಲರಿನಿಂದ ಉದುರಿದ ಬೋಲ್ಟು, ಮುರಿದ ಕಬ್ಬಿಣದ ಪಟ್ಟಿ ರಸ್ತೆಯ ಅಂಚಿಗೆ ಸರಿದು ಕಾಯುತ್ತಿರುತ್ತವೆ. ಎದುರು ಗಾಡಿಗೆ ಜಾಗ ಬಿಡಲು ನೀವು ಎಡಕ್ಕೆ ಇಳಿಸುವುದೂ ಆ ಅಂಚಿಗೇ. ಸ್ಟೆಪ್ನಿ ಹುಟ್ಟಿದ್ದಕ್ಕೆ ಇದ್ದ ಕಾರಣ ನೂರಿಪ್ಪತ್ತು ವರ್ಷವಾದ ಮೇಲೂ ನಮ್ಮ ರಸ್ತೆಗಳಲ್ಲಿ ಹಾಗೇ ಇದೆ.

ಇನ್ನು ಆ ಚಕ್ರ ಅಡಗಿ ಕೂತಿರುವ ಜಾಗಕ್ಕೆ ಬರೋಣ. ಕಾರಿನಲ್ಲಿ ಡಿಕ್ಕಿ ತೆಗೆದರೆ ಸಿಗುತ್ತದೆ. ಜೀಪಿನಂಥ ಗಾಡಿಗಳಲ್ಲಿ ಹಿಂದಿನ ಬಾಗಿಲ ಬೆನ್ನಿಗೆ ಇರುತ್ತದೆ. ವ್ಯಾನು, ಮಿನಿ ಬಸ್ಸುಗಳಲ್ಲಿ ಹೆಚ್ಚಾಗಿ ಹಿಂಭಾಗದ ಅಡಿಯಲ್ಲಿ, ಚಾಸಿಗೆ ನೇತು ಹಾಕಿರುತ್ತಾರೆ. ಹಿಂದಿನ ಬಂಪರಿನ ಸಣ್ಣ ಕಿಂಡಿಯೊಳಗೆ ಉದ್ದನೆಯ ರಾಡು ತೂರಿಸಿ ತಿರುಗಿಸಿದರೆ ರಾಟೆಗೆ ಸುತ್ತಿದ ಉಕ್ಕಿನ ಹಗ್ಗವೋ ಸರಪಳಿಯೋ ಸಡಿಲಗೊಂಡು ಚಕ್ರ ನಿಧಾನವಾಗಿ ನೆಲಕ್ಕಿಳಿಯಬೇಕು. ಇಳಿಯಬೇಕು ಎನ್ನುವುದು ತಯಾರಕರ ಲೆಕ್ಕ. ಎರಡು ವರ್ಷ ಮುಟ್ಟದೆ ಬಿಟ್ಟ ಗಾಡಿಯಲ್ಲಿ ಆ ರಾಟೆ ತುಕ್ಕು ಹಿಡಿದು ಕಲ್ಲಾಗಿರುತ್ತದೆ. ಕಿಂಡಿ ಮಣ್ಣು ತುಂಬಿ ಮುಚ್ಚಿಹೋಗಿರುತ್ತದೆ. ಬಲವಂತಕ್ಕೆ ತಿರುಗಿಸಿದರೆ ರಾಡಿನ ತುದಿ ಸವೆಯುತ್ತದೆ, ಇಲ್ಲವೇ ಹಗ್ಗ ತುಂಡಾಗುತ್ತದೆ.

ಕಳ್ಳರ ಭಯಕ್ಕೆ ಸ್ಟೆಪ್ನಿಗೆ ಸರಪಳಿ ಸುತ್ತಿ ಬೀಗ ಹಾಕುವವರು ನಿಮ್ಮಲ್ಲಿ ಅನೇಕರು. ತಪ್ಪೇನಿಲ್ಲ, ಅದರ ಬೆಲೆ ನಿಮಗೇ ಗೊತ್ತು. ಆದರೆ ಆ ಬೀಗದ ಕೈ ಎಲ್ಲಿದೆ? ಮಾಲೀಕರ ಮನೆಯ ಗೂಡಿನಲ್ಲೋ, ಹೋದ ತಿಂಗಳು ಕೆಲಸ ಬಿಟ್ಟ ಚಾಲಕನ ಜೇಬಿನಲ್ಲೋ? ಕೈ ಸಿಕ್ಕರೂ ಕೆಸರು ನೀರು ಕುಡಿದ ಬೀಗ ತೆರೆಯುವುದೇ? ರಾತ್ರಿ ಹನ್ನೊಂದಕ್ಕೆ ಟಾರ್ಚ್ ಬೆಳಕಿನಲ್ಲಿ ಕಲ್ಲಿನಿಂದ ಬೀಗ ಕುಟ್ಟುವ ಗತಿ ಯಾರಿಗೂ ಬರಬಾರದು. ಬೀಗಕ್ಕೆ ಎರಡು ತೊಟ್ಟು ಎಣ್ಣೆ, ಒಂದು ರಬ್ಬರ್ ಹೊದಿಕೆ, ಗಾಡಿಯ ಕೀಗೊಂಚಲಿನಲ್ಲೇ ಒಂದು ಕೈ. ಖರ್ಚು ಇಷ್ಟೇ.

ಕ್ಯಾರವಾನ್‌ನ ತೊಂದರೆ ಇದಕ್ಕಿಂತ ಆಳದ್ದು. ಕಂಪನಿಯಿಂದ ಬಂದಾಗ ಅಡಿಯಲ್ಲಿ ಖಾಲಿ ಇದ್ದ ಜಾಗಕ್ಕೆ ಬಾಡಿ ಕಟ್ಟುವವರು ನೀರಿನ ಟ್ಯಾಂಕು, ಕೊಳಚೆ ನೀರಿನ ಟ್ಯಾಂಕು, ಬ್ಯಾಟರಿ ಪೆಟ್ಟಿಗೆ, ಹತ್ತುವ ಮೆಟ್ಟಿಲು ಎಲ್ಲವನ್ನೂ ತುಂಬುತ್ತಾರೆ. ಹಿಂಬದಿಗೆ ಏಣಿ, ಸೈಕಲ್ ಸ್ಟ್ಯಾಂಡು ಬರುತ್ತವೆ. ಸ್ಟೆಪ್ನಿ ಇದ್ದಲ್ಲೇ ಇರುತ್ತದೆ, ಆದರೆ ರಾಡು ತೂರಿಸುವ ಕಿಂಡಿಗೆ ಅಡ್ಡಲಾಗಿ ಪೈಪು ಕೂತಿರುತ್ತದೆ; ಇಲ್ಲವೇ ಚಕ್ರ ಇಳಿದರೂ ಹೊರಗೆಳೆಯಲು ದಾರಿ ಇರುವುದಿಲ್ಲ. ಕೆಲವು ಕಡೆ ಸ್ಟೆಪ್ನಿಯನ್ನು ಒಳಗೆ ಹಾಸಿಗೆಯ ಅಡಿಗೆ ಸೇರಿಸಿ, ಮೇಲೆ ಪ್ಲೈವುಡ್ ಹೊಡೆದು, ಅದರ ಮೇಲೆ ಊರಿನ ಸಾಮಾನೆಲ್ಲ ಹೇರುತ್ತಾರೆ. ಚಕ್ರ ತೆಗೆಯಬೇಕಾದರೆ ಮೊದಲು ಮನೆ ಖಾಲಿ ಮಾಡಬೇಕು!

ತೂಕದ ಲೆಕ್ಕವೂ ಬದಲಾಗಿರುತ್ತದೆ. ಒಂದು ಲೀಟರ್ ನೀರಿಗೆ ಒಂದು ಕಿಲೋ. 200 ಲೀಟರ್ ಟ್ಯಾಂಕು ತುಂಬಿದರೆ 200 ಕಿಲೋ, ಅಂದರೆ ಮೂರು ಜನ ದೊಡ್ಡವರು ಇಳಿಯದೆ ಕೂತಂತೆ. ಅದರ ಮೇಲೆ ಬ್ಯಾಟರಿ, ಫ್ರಿಜ್ಜು, ಎ.ಸಿ., ಮಂಚ. ಬರೀ ವ್ಯಾನಿಗೆಂದು ಕಂಪನಿ ಕೊಟ್ಟ ಜಾಕಿ ಈ ಭಾರ ಎತ್ತುತ್ತದೆಯೇ ಎಂದು ರಸ್ತೆಯಲ್ಲಿ ಪರೀಕ್ಷೆ ಮಾಡುವುದು ಬೇಡ. ಜಾಕಿಯ ಮೈಮೇಲೆ ಎಷ್ಟು ಟನ್ ಎಂದು ಬರೆದಿರುತ್ತದೆ. ನಿಮ್ಮ ಗಾಡಿಯ ಈಗಿನ ತೂಕ ಯಾವುದಾದರೂ ವೇ ಬ್ರಿಡ್ಜಿನಲ್ಲಿ ಕೆಲವೇ ನಿಮಿಷದಲ್ಲಿ ತಿಳಿಯುತ್ತದೆ. ಸ್ಟೆಪ್ನಿ ಟೈರಿನ ಭಾರ ಹೊರುವ ಅಂಕಿಯೂ ಓಡುವ ಟೈರುಗಳದ್ದೇ ಆಗಿರಬೇಕು.

ಇನ್ನೊಂದು ಸಂಗತಿಯನ್ನು ಅನುಭವಸ್ಥರೂ ಮರೆಯುತ್ತಾರೆ. ಅಂಗಳದಲ್ಲಿ ನಾಲ್ಕೂ ಚಕ್ರದಲ್ಲಿ ಗಾಳಿ ಇದ್ದಾಗ ಸ್ಟೆಪ್ನಿ ಸಲೀಸಾಗಿ ಹೊರಗೆ ಬರುತ್ತದೆ. ಹಿಂದಿನ ಟೈರು ಪೂರ್ತಿ ಕೂತಾಗ ಆ ಮೂಲೆ ನಾಲ್ಕೈದು ಇಂಚು ಕೆಳಗಿಳಿದಿರುತ್ತದೆ. ಆಗ ಬಂಪರಿಗೂ ನೆಲಕ್ಕೂ ನಡುವೆ ಸ್ಟೆಪ್ನಿ ನುಸುಳುವಷ್ಟು ಜಾಗವೇ ಉಳಿಯದೇ ಇರಬಹುದು. ಮೊದಲು ಜಾಕಿ ಕೊಟ್ಟು ಎತ್ತಿ, ಆಮೇಲೆ ಸ್ಟೆಪ್ನಿ ಎಳೆಯಬೇಕಾಗುತ್ತದೆ. ಜಾಕಿ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕುವುದು ಪ್ರಾಣಕ್ಕೇ ಅಪಾಯ. ಎರಡು ಮೊಳ ಉದ್ದದ, ತುದಿ ಬಾಗಿಸಿದ ಕಬ್ಬಿಣದ ಕೊಕ್ಕೆಯೊಂದನ್ನು ಗಾಡಿಯಲ್ಲಿಟ್ಟುಕೊಂಡರೆ ಹೊರಗೆ ನಿಂತೇ ಎಳೆಯಬಹುದು. ವ್ಯಾನಿನ ಚಕ್ರವೆಂದರೆ ಇಪ್ಪತ್ತೈದು ಮೂವತ್ತು ಕಿಲೋ ಭಾರ. ಸೊಂಟ ಬಗ್ಗಿಸಿ ಒಂದೇ ಏಟಿಗೆ ಎತ್ತುವ ವಸ್ತುವಲ್ಲ.

ನಾಲ್ಕು ತಾಲ್ಲೂಕಿನ ರಸ್ತೆಗಳು ನಾಲ್ಕು ಬಗೆ. ಪಂಚರಾದಾಗ ಕಾಡುವ ರೀತಿಯೂ ನಾಲ್ಕು ಬಗೆ.

ಶ್ರೀರಂಗಪಟ್ಟಣದವರಿಗೆ ಬೆಂಗಳೂರು–ಮೈಸೂರು ದಶಪಥ ಮನೆ ಬಾಗಿಲಿನದು. 118 ಕಿ.ಮೀ. ಉದ್ದದ ಈ ಹೆದ್ದಾರಿ 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ಮೊದಲು ಹಳೆಯ ರಸ್ತೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಪೇಟೆಗಳ ಎದೆ ಸೀಳಿಕೊಂಡು ಬರುತ್ತಿತ್ತು. ಮೈಲಿಗೊಂದು ಪಂಚರ್ ಅಂಗಡಿ, ಅಂಗಡಿ ಮುಂದೆ ಗುರುತಿಗೆ ನೇತುಹಾಕಿದ ಹಳೇ ಟೈರು. ಈಗ ಬೈಪಾಸುಗಳು ಆ ಅಂಗಡಿಗಳನ್ನೆಲ್ಲ ಪಕ್ಕಕ್ಕೆ ಬಿಟ್ಟಿವೆ. 2023ರ ಆಗಸ್ಟ್ 1ರಿಂದ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಷೇಧವಿದೆ. ಜೀವ ಉಳಿಸುವ ನಿಯಮವೇ ಅದು, ಆದರೆ ಅದರ ಇನ್ನೊಂದು ಪರಿಣಾಮವನ್ನು ಗಮನಿಸಿ: ಫೋನ್ ಮಾಡಿದರೆ ಸ್ಕೂಟರಿನಲ್ಲಿ ಸಾಮಾನು ಕಟ್ಟಿಕೊಂಡು ಬರುತ್ತಿದ್ದ ಪಂಚರ್ ಅಂಗಡಿಯವರು ಈಗ ಆ ಪಥಕ್ಕೆ ಬರುವಂತಿಲ್ಲ. ಅವರು ಸರ್ವಿಸ್ ರಸ್ತೆಯಲ್ಲಿ, ನೀವು ಬೇಲಿಯ ಈಚೆ. ಗಣಂಗೂರು ಟೋಲಿನ ಆಸುಪಾಸು ಟೈರು ಕೂತರೆ ನಿಮಗೆ ಆಗುವುದು ನಿಮ್ಮ ಗಾಡಿಯೊಳಗಿನ ಸಾಮಾನು ಮಾತ್ರ. ಹೆದ್ದಾರಿ ಸಹಾಯವಾಣಿ 1033 ಚಾಲಕನ ಕಣ್ಣಿಗೆ ಬೀಳುವಂತೆ ಡ್ಯಾಶ್‌ಬೋರ್ಡಿನಲ್ಲಿ ಬರೆದಿರಲಿ. ಜನರನ್ನೆಲ್ಲ ಎಡಗಡೆಯಿಂದ ಇಳಿಸಿ, ರಸ್ತೆಯಿಂದ ದೂರ, ಕ್ರ್ಯಾಶ್ ಬ್ಯಾರಿಯರ್ ಆಚೆ ನಿಲ್ಲಿಸಿ. ತ್ರಿಕೋನದ ಹೊಳೆಯುವ ಫಲಕವನ್ನು ಗಾಡಿಯ ಹಿಂದೆ ಐವತ್ತು ಹೆಜ್ಜೆಗಿಂತ ದೂರದಲ್ಲಿ ಇಡಿ, ನೂರು ಕಿ.ಮೀ. ವೇಗದಲ್ಲಿ ಬರುವವರು ಒಂದು ಸೆಕೆಂಡಿನಲ್ಲಿ 28 ಮೀಟರ್ ಕ್ರಮಿಸುತ್ತಾರೆ. ಬಲಗಡೆಯ ಚಕ್ರ, ಅಂದರೆ ಗಾಡಿಗಳು ಹಾಯುವ ಕಡೆಯ ಚಕ್ರ ಹೋಗಿದ್ದರೆ ಮುಖ್ಯ ಪಥದಲ್ಲಿ ಕೂತು ಬದಲಾಯಿಸುವ ಸಾಹಸ ಬೇಡವೇ ಬೇಡ.

ಪಾಂಡವಪುರದ ರಸ್ತೆಗಳಿಗೆ ಜೊತೆ ನಾಲೆಗಳದ್ದು. 2018ರ ನವೆಂಬರ್ 24ರ ಶನಿವಾರ ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳು ಅದರಲ್ಲಿದ್ದರು. ಆ ದುರಂತಕ್ಕೂ ಸ್ಟೆಪ್ನಿಗೂ ಸಂಬಂಧ ಕಟ್ಟುವ ಉದ್ದೇಶ ಈ ಪತ್ರಕ್ಕಿಲ್ಲ. ಅದನ್ನು ನೆನೆಯುವುದು ಒಂದೇ ಕಾರಣಕ್ಕೆ: ನಾಲೆ ಏರಿಯ ಮೇಲಿನ ಕಿರಿದಾದ ರಸ್ತೆ ತಪ್ಪಿಗೆ ಜಾಗ ಕೊಡುವುದಿಲ್ಲ. ಅಲ್ಲಿ ಟೈರಿನ ಗಾಳಿ ಇಳಿದರೆ ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತದೆ. ಗಟ್ಟಿಯಾಗಿ ಹಿಡಿದು, ಬ್ರೇಕು ಒತ್ತದೆ, ಆಕ್ಸಿಲರೇಟರ್ ಬಿಟ್ಟು ವೇಗ ತಾನಾಗಿ ಇಳಿಯಲು ಬಿಡಬೇಕು. ನಾಲೆ ಪಕ್ಕದ ಮೆತ್ತನೆಯ ಮಣ್ಣಿನ ಅಂಚಿನಲ್ಲಿ ಜಾಕಿ ನಿಲ್ಲುವುದಿಲ್ಲ. ರಿಮ್ಮು ಹಾಳಾದರೂ ಆಗಲಿ, ನಿಧಾನಕ್ಕೆ ಉರುಳಿಸಿಕೊಂಡು ಅಗಲವಾದ ಗಟ್ಟಿ ಜಾಗಕ್ಕೆ ಹೋಗಿ ನಿಲ್ಲಿಸಿ. ಜಕ್ಕನಹಳ್ಳಿ ದಾಟಿ ಮೇಲುಕೋಟೆ ಹತ್ತುವಾಗಲೂ ಅಷ್ಟೇ. ಇಳಿಜಾರಿನಲ್ಲಿ ಎತ್ತಿದ ಗಾಡಿ ಜಾಕಿಯಿಂದ ಜಾರಲು ಒಂದು ತಳ್ಳು ಸಾಕು.

ಕೆ.ಆರ್. ಪೇಟೆಯಲ್ಲಿ ಸುಗ್ಗಿಯೇ ರಸ್ತೆಗಿಳಿಯುತ್ತದೆ. ರಾಗಿ, ಹುರುಳಿ ಕೊಯ್ಲಾದ ಮೇಲೆ ತೆನೆಯನ್ನೂ ಗಿಡವನ್ನೂ ಡಾಂಬರಿನ ಮೇಲೆ ಹರಡಿ ಗಾಡಿಗಳಿಂದ ತುಳಿಸುವ ಪದ್ಧತಿ ನಾಗಮಂಗಲದ ತನಕ ಉಂಟು. ಹುರುಳಿ ಬಳ್ಳಿ ಆಕ್ಸೆಲಿಗೂ ಸೈಲೆನ್ಸರಿಗೂ ಸುತ್ತಿಕೊಂಡು ಬೆಂಕಿ ಹತ್ತಿ ವಾಹನಗಳು ಸುಟ್ಟುಹೋದ ಪ್ರಕರಣಗಳು ರಾಜ್ಯದಲ್ಲಿ ನಡೆದಿವೆ. ಅಡಿಯಲ್ಲಿ ನೇತಾಡುವ ಸ್ಟೆಪ್ನಿಯ ಹಗ್ಗಕ್ಕೂ ಅದೇ ಸೊಪ್ಪು ಸುತ್ತಿಕೊಳ್ಳುತ್ತದೆ. ಕಣದಂಥ ರಸ್ತೆ ದಾಟಿದ ದಿನ ಸಂಜೆ ಒಮ್ಮೆ ಅಡಿಗೆ ಟಾರ್ಚ್ ಬಿಟ್ಟು ನೋಡುವುದು ಬೆಂಕಿಗೂ ಒಳ್ಳೆಯದು, ಸ್ಟೆಪ್ನಿಗೂ ಒಳ್ಳೆಯದು. ಹೊಲದ ನಡುವಿನ ಆ ರಸ್ತೆಗಳಲ್ಲಿ ಸಂಜೆ ಏಳರ ಮೇಲೆ ತೆರೆದ ಪಂಚರ್ ಅಂಗಡಿ ಹುಡುಕುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು.

ನಾಗಮಂಗಲದವರ ಲೆಕ್ಕ ದೂರದ್ದು. ಬೆಳ್ಳೂರು ಕ್ರಾಸಿನಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿ 75 ಸಿಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲಗಳನ್ನು ಪೋಣಿಸಿಕೊಂಡು ಬರುವ 150ಎ ಅಲ್ಲೇ ಅದನ್ನು ದಾಟಿ ಹಿರಿಯೂರಿನ ಕಡೆಗೆ ಹೊರಡುತ್ತದೆ. ಇಲ್ಲಿಂದ ಹೊರಟ ಟಿ.ಟಿ. ಧರ್ಮಸ್ಥಳ, ಸುಬ್ರಹ್ಮಣ್ಯ ಎಂದು ಶಿರಾಡಿ ಘಾಟಿ ಇಳಿಯುತ್ತದೆ. ಘಾಟಿಯ ತಿರುವಿನಲ್ಲಿ, ಮಳೆಯಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಸ್ಟೆಪ್ನಿ ಇಳಿಯದೆ ಹೋದರೆ ಏನು ಗತಿ ಎನ್ನುವುದನ್ನು ಬೆಳ್ಳೂರು ಕ್ರಾಸಿನಲ್ಲಿ ಕಾಫಿ ಕುಡಿಯುವಾಗಲೇ ಯೋಚಿಸಿಬಿಡುವುದು ಕ್ಷೇಮ.

ಹಿಂದೆ ಜೋಡಿ ಚಕ್ರ ಇರುವ ಗಾಡಿಯವರಿಗೆ ಒಂದು ಮಾತು. ಜೋಡಿಯಲ್ಲಿ ಒಂದರ ಗಾಳಿ ಇಳಿದರೆ ಇನ್ನೊಂದು ಭಾರ ಹೊತ್ತು ನಿಲ್ಲುವುದರಿಂದ ಗಾಡಿ ವಾಲುವುದಿಲ್ಲ, ಚಾಲಕನಿಗೆ ತಿಳಿಯುವುದೂ ಇಲ್ಲ. ಇಬ್ಬರ ಹೊರೆಯನ್ನು ಒಬ್ಬನೇ ಹೊತ್ತಂತೆ ಆ ಟೈರು ಬಿಸಿಯಾಗುತ್ತದೆ. ಗಾಳಿ ಕಡಿಮೆ ಇದ್ದಷ್ಟೂ ಟೈರಿನ ಪಕ್ಕೆ ಹೆಚ್ಚು ಮಡಿಚುತ್ತದೆ, ಮಡಿಚಿದಷ್ಟೂ ಕಾವೇರುತ್ತದೆ, ಕೊನೆಗೆ ಸಿಡಿಯುತ್ತದೆ. ಆಗ ಎರಡು ಚಕ್ರ ಹೋಗಿರುತ್ತವೆ, ಸ್ಟೆಪ್ನಿ ಇರುವುದು ಒಂದು. ಟೀಗೆ ನಿಲ್ಲಿಸಿದಾಗಲೆಲ್ಲ ಹಿಂದಿನ ಕಾಲದ ಚಾಲಕರು ಸ್ಪ್ಯಾನರಿನಿಂದ ಟೈರಿಗೆ ಒಂದೊಂದು ಏಟು ಹಾಕಿ ಸದ್ದು ಕೇಳುತ್ತಿದ್ದರು. ಆ ರೂಢಿ ಹೋಗಬಾರದು. ಅದರ ಜೊತೆಗೆ ಒಂದು ಗಾಳಿ ಮೀಟರು ಇದ್ದರೆ ಇನ್ನೂ ನಿಖರ.

ಸರಿ, ಅಮಾವಾಸ್ಯೆಯ ದಿನ ಸ್ಟೆಪ್ನಿ ನೆಲಕ್ಕಿಳಿಯಿತು ಎಂದುಕೊಳ್ಳೋಣ. ನೋಡಬೇಕಾದ್ದೇನು?

ಮೊದಲು ಗಾಳಿ. ಯಾರೂ ಮುಟ್ಟದ ಟೈರಿನಿಂದಲೂ ತಿಂಗಳಿಗೆ ಸುಮಾರು ಒಂದು ಪಿ.ಎಸ್.ಐ. ಗಾಳಿ ತಾನಾಗಿ ಸೋರುತ್ತದೆ. ಎರಡು ವರ್ಷ ನೇತಾಡಿದ ಸ್ಟೆಪ್ನಿ ಅರ್ಧ ಬಸವಳಿದಿರುತ್ತದೆ. ಮುಂದಿನ, ಹಿಂದಿನ ಚಕ್ರಕ್ಕೆ ಬೇರೆ ಬೇರೆ ಒತ್ತಡ ಇದ್ದರೆ ಸ್ಟೆಪ್ನಿಗೆ ಹೆಚ್ಚಿನದನ್ನೇ ತುಂಬಿಸಿಡಿ. ಹಾಕುವಾಗ ಇಳಿಸುವುದು ಸುಲಭ, ರಸ್ತೆಯಲ್ಲಿ ತುಂಬುವುದು ಕಷ್ಟ. ಮತ್ತೆ ಏರಿಸುವಾಗ ವಾಲ್ವು ಕೆಳಮುಖವಾಗಿ ಕೈಗೆ ಸಿಗುವ ಹಾಗೆ ಕೂರಿಸಲು ಆಗುತ್ತದೆಯೇ ನೋಡಿ. ಹಾಗೆ ಆಗುವುದಾದರೆ ಮುಂದಿನ ಸಲ ಗಾಳಿ ನೋಡುವುದು ಹಗುರಾಗುತ್ತದೆ.

ಆಮೇಲೆ ವಯಸ್ಸು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಓಡದ ಟೈರು ಸವೆಯುವುದಿಲ್ಲ, ಆದರೆ ಮುದಿಯಾಗುತ್ತದೆ. ರಬ್ಬರು ಗಟ್ಟಿಯಾಗಿ, ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ. ಐದು ವರ್ಷ ದಾಟಿದರೆ ವರ್ಷವರ್ಷವೂ ಬಲ್ಲವರಿಗೆ ತೋರಿಸಬೇಕು, ಹತ್ತು ವರ್ಷವಾದರೆ ನೋಡಲು ಹೊಸದಂತಿದ್ದರೂ ಬಿಡಬೇಕು ಎನ್ನುವುದು ದೊಡ್ಡ ಟೈರು ತಯಾರಕರ ಸಲಹೆ. ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾದ ಟೈರು ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ರಸ್ತೆಗೆ ತಕ್ಕದ್ದಲ್ಲ. ಹೊಸ ಟೈರು ಹಾಕಿಸಿದಾಗ ಬೋಳಾದ ಹಳೆಯದನ್ನು "ಸ್ಟೆಪ್ನಿಗೆ ಆಯ್ತದೆ" ಎಂದು ಅಡಿಗೆ ಏರಿಸುವ ಅಭ್ಯಾಸ ಬಹಳ ಕಡೆ ಇದೆ. ಕಷ್ಟಕಾಲಕ್ಕೆಂದು ಇಟ್ಟ ಚಕ್ರವೇ ಗಾಡಿಯ ಅತಿ ದುರ್ಬಲ ಚಕ್ರವಾಗಿರುತ್ತದೆ.

ಮೂರನೆಯದು ನಟ್ಟು. ಅಲಾಯ್ ಚಕ್ರ ಹಾಕಿಸಿದವರ ಸ್ಟೆಪ್ನಿ ಹಲವು ಸಲ ಕಬ್ಬಿಣದ್ದೇ ಆಗಿರುತ್ತದೆ. ಅಲಾಯ್‌ನ ನಟ್ಟು ಕಬ್ಬಿಣದ ರಿಮ್ಮಿಗೆ ಸರಿಯಾಗಿ ಕೂರದೆ ಇರಬಹುದು. ಕಬ್ಬಿಣದ ರಿಮ್ಮಿನ ನಟ್ಟುಗಳ ಒಂದು ಜೊತೆಯನ್ನು ಚೀಲದಲ್ಲಿ ಹಾಕಿಟ್ಟಿರಬೇಕು. ಗ್ಯಾರೇಜಿನ ಗಾಳಿ ಗನ್ನಿನಲ್ಲಿ ಬಿಗಿಸಿದ ನಟ್ಟನ್ನು ಕೈ ಸ್ಪ್ಯಾನರಿನಲ್ಲಿ ಬಿಚ್ಚಲು ಆಗುತ್ತದೆಯೇ ಎಂದು ಊರಲ್ಲೇ ಒಂದನ್ನು ಬಿಚ್ಚಿ ನೋಡಿ. ಸ್ಪ್ಯಾನರಿಗೆ ತೂರಿಸಲು ಮೂರಡಿ ಪೈಪಿನ ತುಂಡೊಂದು ಇದ್ದರೆ ತೋಳಿನ ಬಲ ಇಮ್ಮಡಿಯಾಗುತ್ತದೆ.

ಜೊತೆಗಿರಬೇಕಾದ ಸಾಮಾನು ದೊಡ್ಡದೇನಲ್ಲ. ಭಾರಕ್ಕೆ ತಕ್ಕ ಜಾಕಿ, ಜಾಕಿ ಕೆಳಗಿಡಲು ಒಂದೂವರೆ ಇಂಚು ದಪ್ಪದ ಗಟ್ಟಿ ಹಲಗೆ, ಚಕ್ರಕ್ಕೆ ಕೊಡಲು ಎರಡು ಮರದ ತುಂಡು, ಸ್ಪ್ಯಾನರು, ಪೈಪು, ಸ್ಟೆಪ್ನಿ ಇಳಿಸುವ ರಾಡು, ಕೊಕ್ಕೆ, ತಲೆಗೆ ಕಟ್ಟುವ ಟಾರ್ಚು, ಹೊಳೆಯುವ ಜಾಕೆಟ್ಟು, ಮಳೆಗಾಲಕ್ಕೆ ಒಂದು ಟಾರ್ಪಾಲು. ಇವೆಲ್ಲ ಪ್ರಯಾಣಿಕರ ಲಗೇಜಿನ ಅಡಿಯಲ್ಲಿ ಹೂತುಹೋಗದ ಕಡೆ ಇರಲಿ. ಮಹದೇವಪುರದ ಹೊಳೆದಂಡೆಯಂಥ ಮರಳು ನೆಲದಲ್ಲಿ ಹಲಗೆ ಇಲ್ಲದ ಜಾಕಿ ಗಾಡಿಯನ್ನು ಮೇಲಕ್ಕೆತ್ತುವ ಬದಲು ತಾನೇ ಕೆಳಗಿಳಿಯುತ್ತದೆ.

ಚಕ್ರ ಬದಲಿಸುವ ಕ್ರಮ ನಿಮಗೆ ಕರತಲಾಮಲಕ. ಆದರೂ ಹೊಸ ಹುಡುಗರು ಸ್ಟೇರಿಂಗ್ ಹಿಡಿಯುತ್ತಿದ್ದಾರೆ, ಅವರಿಗಾಗಿ ಒಮ್ಮೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ. ಜನರನ್ನು ಇಳಿಸಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕಿ ಎತ್ತಿ. ತಂದಿಟ್ಟ ಸ್ಟೆಪ್ನಿಯನ್ನು ಜಾಕಿಯ ಪಕ್ಕದಲ್ಲಿ ಚಾಸಿಯ ಅಡಿಗೆ ಮಲಗಿಸಿ; ಬಿಚ್ಚಿದ ಚಕ್ರ ಕೈಗೆ ಬಂದ ಮೇಲೆ ಅದನ್ನು ಅಲ್ಲಿಗೆ ಸರಿಸಿ ಸ್ಟೆಪ್ನಿಯನ್ನು ತೆಗೆದುಕೊಳ್ಳಿ. ಜಾಕಿ ಜಾರಿದರೆ ಗಾಡಿ ಚಕ್ರದ ಮೇಲೆ ಕೂರುತ್ತದೆ, ನಿಮ್ಮ ಕೈಮೇಲಲ್ಲ. ನಟ್ಟುಗಳನ್ನು ಒಂದರ ಪಕ್ಕ ಒಂದರಂತೆ ಬಿಗಿಯದೆ ಎದುರುಬದುರಾಗಿ ಬಿಗಿಯಿರಿ. ಐವತ್ತು ಕಿ.ಮೀ. ಓಡಿದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿ ನೋಡಿ. ಖಾಲಿಯಾದ ಚಕ್ರವನ್ನು ಅಡಿಗೆ ಏರಿಸುವಾಗ ರಾಟೆ ಪೂರ್ತಿ ಬಿಗಿಯಬೇಕು. ಸಡಿಲ ನೇತಾಡುವ ಚಕ್ರ ಕುಲುಕಿ ಕುಲುಕಿ ಹಗ್ಗ ಸವೆದು ಒಂದು ದಿನ ಹಿಂದೆ ಬರುವ ಬೈಕಿನ ಮುಂದೆ ಬೀಳುತ್ತದೆ.

ಹೊಸ ಗಾಡಿ ಕೊಳ್ಳುವವರಿಗೆ, ಬಾಡಿಗೆಗೆ ತರುವವರಿಗೆ ಇನ್ನೊಂದು ವಿಷಯ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, 3.5 ಟನ್‌ವರೆಗಿನ ಪ್ರಯಾಣಿಕ ಕಾರಿನ ವರ್ಗದ ವಾಹನಗಳಲ್ಲಿ ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ಪಂಚರ್ ದುರಸ್ತಿಯ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಿತು. ಹಾಗಾಗಿ ಈಗಿನ ಕೆಲವು ಗಾಡಿಗಳಲ್ಲಿ ಸ್ಟೆಪ್ನಿಯೇ ಇಲ್ಲ. ಕಿಟ್ಟಿನ ಅಂಟು ಸಣ್ಣ ಮೊಳೆಯ ತೂತನ್ನು ಮುಚ್ಚುತ್ತದೆ. ಪಕ್ಕೆ ಸೀಳಿದರೆ ಏನೂ ಮಾಡಲಾರದು. ಅದಕ್ಕೂ ಅವಧಿ ಇರುತ್ತದೆ, ಡಬ್ಬಿಯ ಮೇಲೆ ತಾರೀಖು ನೋಡಿ. ನಿಮ್ಮ ಗಾಡಿಯಲ್ಲಿ ಸ್ಟೆಪ್ನಿ ಇದೆಯೋ ಕಿಟ್ ಇದೆಯೋ ಎನ್ನುವುದು ಹೊರಡುವ ಮುನ್ನ ಗೊತ್ತಿರಬೇಕು. ಬೆಂಗಳೂರಿನಿಂದ ಕ್ಯಾರವಾನ್ ತರುವ ಕುಟುಂಬಗಳು ಕೀ ಕೈಗೆ ತೆಗೆದುಕೊಳ್ಳುವಾಗ ಹಾಸಿಗೆ, ಒಲೆ, ಟಿ.ವಿ. ತೋರಿಸಿದವರನ್ನು "ಸ್ಟೆಪ್ನಿ ಇಳಿಸಿ ತೋರಿಸಿ" ಎಂದೂ ಕೇಳಲಿ.

ಮಾಲೀಕರಲ್ಲಿ ಒಂದು ಕಳಕಳಿಯ ವಿನಂತಿ. ಸ್ಟೆಪ್ನಿಯ ಖರ್ಚನ್ನು ಚಾಲಕನ ಬಾಟಾದಲ್ಲಿ ಮುರಿಯಬೇಡಿ. ಆತ "ಸ್ಟೆಪ್ನಿ ಸರಿಯಿಲ್ಲ, ಬಾಡಿಗೆಗೆ ಹೋಗಲ್ಲ" ಎಂದರೆ ಗದರಬೇಡಿ. ಆ ಮಾತು ಹೇಳುವ ಚಾಲಕ ನಿಮ್ಮ ಗಾಡಿಯನ್ನೂ ಅದರೊಳಗಿನ ಜನರನ್ನೂ ಕಾಯುತ್ತಿರುವವನು. ಬಾಡಿ ಕಟ್ಟುವವರಲ್ಲಿಯೂ ಕೇಳಿಕೊಳ್ಳುವುದಿದೆ: ಟ್ಯಾಂಕು ಕೂರಿಸುವ ಮುನ್ನ ಒಮ್ಮೆ ಸ್ಟೆಪ್ನಿ ಇಳಿಸಿ, ಹೊರಗೆಳೆದು, ಆಮೇಲೆ ವೆಲ್ಡಿಂಗ್ ಮಾಡಿ. ಮುಗಿಸಿದ ಮೇಲೆ ಮಾಲೀಕರ ಎದುರಿಗೆ, ಒಂದು ಹಿಂದಿನ ಚಕ್ರದ ಗಾಳಿ ಪೂರ್ತಿ ಇಳಿಸಿ, ಇನ್ನೊಮ್ಮೆ ತೆಗೆದು ತೋರಿಸಿ. ಗಾಡಿ ಒಪ್ಪಿಸುವ ಪರೀಕ್ಷೆಗಳಲ್ಲಿ ಅದೂ ಒಂದಾಗಲಿ.

ನಾಲ್ಕೂ ತಾಲ್ಲೂಕಿನ ಸ್ಟ್ಯಾಂಡುಗಳಲ್ಲಿ ಇದನ್ನು ಒಬ್ಬೊಬ್ಬರೇ ಮಾಡುವ ಬದಲು ಜೊತೆಯಾಗಿ ಮಾಡಿದರೆ ಬೇಸರವೂ ಇರುವುದಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಚುಂಚನಗಿರಿಗೆ ಹೊರಡುವ ಮೊದಲು ಸಾಲಿನಲ್ಲಿ ನಿಂತ ಗಾಡಿಗಳೆಲ್ಲ ಒಟ್ಟಿಗೇ ಸ್ಟೆಪ್ನಿ ಇಳಿಸಲಿ. ಒಬ್ಬರ ಗಾಳಿ ಮೀಟರು, ಇನ್ನೊಬ್ಬರ ಗ್ರೀಸು ಡಬ್ಬಿ. ಹಿರಿಯ ಚಾಲಕರು ಹೊಸ ಹುಡುಗರಿಗೆ ರಾಟೆ ಬಿಡಿಸುವುದನ್ನು ಹೇಳಿಕೊಡಲಿ. ರಾಟೆಗೆ ಗ್ರೀಸು, ಹಗ್ಗಕ್ಕೆ ಒಂದು ಕಣ್ಣು, ಬೀಗಕ್ಕೆ ಎಣ್ಣೆ, ಕೀಗೊಂಚಲಿನಲ್ಲಿ ಕೈ.

ಮುಂದಿನ ಆಯುಧಪೂಜೆಗೆ ನಿಂಬೆಹಣ್ಣು ತರುವಾಗ ಒಂದು ಹೆಚ್ಚಿಗೆ ತನ್ನಿ. ಸ್ಟೆಪ್ನಿಯನ್ನು ಇಳಿಸಿ, ತೊಳೆದು, ಕುಂಕುಮ ಇಟ್ಟು, ಗಾಡಿಯ ಮುಂದೆ ಹಾರದ ಪಕ್ಕ ನಿಲ್ಲಿಸಿ. ಪೂಜೆ ನೋಡಲು ಬಂದವರಿಗೆ ಅದೂ ಕಾಣಲಿ.

ಇಂತಿ,
ನಿಮ್ಮ ಗಾಡಿಗಳ ಹಿಂದಿನ ಸೀಟಿನಲ್ಲಿ ಕೂತು ಈ ನಾಲ್ಕು ತಾಲ್ಲೂಕು ಓಡಾಡುವ ಒಬ್ಬ ಪ್ರಯಾಣಿಕ